ಹಿಮದ ಸದ್ದೋ, ಭಾವನ ಹೊಟ್ಟೆಯೋ

ಬಾರ್ಲಾ ತನ್ನ ಮದುವೆಯ ದಿನವೇ ಹಿಮದಲ್ಲಿ ಗುಂಡಿ ತೋಡಿದವಳು. ಫೆಬ್ರವರಿಯ ಮದುವೆ. ಚರ್ಚಿನಿಂದ ಊಟದ ಮನೆಗೆ ಎರಡು ದಾರಿಗಳಿದ್ದವು: ಗುಡ್ಡದ ಬುಡವನ್ನು ಸವರಿಕೊಂಡು ಹೋಗುವ ಹತ್ತಿರದ ಕಾಲುದಾರಿ ಒಂದು, ಊರನ್ನೆಲ್ಲ ಬಳಸಿ ಬರುವ ರಸ್ತೆ ಇನ್ನೊಂದು. ವಾದ್ಯದವರು ಕಾಲುದಾರಿ ಹಿಡಿದರು. ಮದುವಣಗಿತ್ತಿ ನಿಂತುಬಿಟ್ಟಳು. ಗುಡ್ಡದ ಕಡೆ ಒಮ್ಮೆ ಕತ್ತೆತ್ತಿ ನೋಡಿದಳು. ಕೈಯಲ್ಲಿದ್ದ ಹೂಗುಚ್ಛವನ್ನು ಗಂಡನಿಗೆ ಕೊಟ್ಟಳು. ಚರ್ಚಿನ ಗೋಡೆಗೆ ಒರಗಿಸಿಟ್ಟಿದ್ದ ಸಲಿಕೆಯನ್ನು ಎತ್ತಿಕೊಂಡು, ಬಿಳಿ ಲಂಗವನ್ನು ಮೊಣಕಾಲಿನ ತನಕ ಎಳೆದು ಕಟ್ಟಿಕೊಂಡು ತೋಡತೊಡಗಿದಳು.

"ಏನೇ ಮಾಡ್ತಿದೀಯಾ?" ಎಂದು ಮದುಮಗ ಲಿನಾರ್ಡ್ ಕೇಳಿದ.

"ಒಂದ್ನಿಮಿಷ ಇರು. ಈ ಗುಡ್ಡ ಯಾಕೋ ಮುಖ ಗಂಟಿಕ್ಕಿಕೊಂಡಿದೆ."

ಒಂದು ನಿಮಿಷ ಎಂದದ್ದು ಎಷ್ಟು ಹೊತ್ತಾಯಿತೋ. ಕಹಳೆಯವನ ತುಟಿ ಕಹಳೆಗೆ ಅಂಟಿಕೊಂಡಿತು, ಲಿನಾರ್ಡನ ಕೈಯಲ್ಲಿದ್ದ ಹೂಗಳು ಗಾಜಿನಂತೆ ಸೆಟೆದುಕೊಂಡವು. ಕೊನೆಗೆ ಬಾರ್ಲಾ ಎದೆಮಟ್ಟದ ಗುಂಡಿಯಿಂದ ತಲೆ ಹೊರಗೆ ಹಾಕಿ, "ರಸ್ತೆ ಮೇಲೇ ಹೋಗೋಣ," ಎಂದಳು. ಎಲ್ಲರೂ ಹಲ್ಲು ಕಡಿಯುತ್ತ ಊರು ಸುತ್ತಿ ಊಟಕ್ಕೆ ಹೋದರು. ಆ ಗುಡ್ಡ ಅಂದಿನಿಂದ ಇಂದಿನ ತನಕ ಒಂದು ಹಿಡಿ ಹಿಮವನ್ನೂ ಕೆಳಗೆ ಬಿಟ್ಟಿಲ್ಲ.

ಊರಿನವರು ಇದನ್ನು ಆಡಿಕೊಂಡಾಗಲೆಲ್ಲ ಬಾರ್ಲಾ ಹೇಳುವುದು ಒಂದೇ ಮಾತು: "ಅದು ಬೀಳ್ದೇ ಇದ್ರೆ ಅದಕ್ಕೆ ನಾನೇನ್ ಮಾಡ್ಲಿ? ನನ್ನ ತಪ್ಪಾ?"

ಆಲ್ಪ್ಸ್‌ನ ಈ ಕಣಿವೆಯಲ್ಲಿ, ನಮ್ಮ ಫುಂತಾನಾಸ್ ಊರಿನಲ್ಲಿ ಬಾರ್ಲಾ ಕ್ಷೌರದಂಗಡಿ ಇಟ್ಟುಕೊಂಡಿದ್ದಾಳೆ. ಗಂಡಸರು ಹೆಂಗಸರು ಎಲ್ಲರ ತಲೆಯೂ ಅವಳ ಕೈಗೇ ಬರಬೇಕು, ಯಾಕೆಂದರೆ ಮುಂದಿನ ಅಂಗಡಿ ಇರುವುದು ಕೂರ್ ಪಟ್ಟಣದಲ್ಲಿ. ಪಕ್ಕದಲ್ಲೇ ನನ್ನ ದಿನಸಿ ಅಂಗಡಿ. ನನ್ನ ಹೆಸರು ಲಾದೀನಾ. ನಾನು ಅವಳನ್ನು ಬಾರ್ಲಕ್ಕ ಎಂದೇ ಕರೆಯುವುದು. ಅವಳ ವಿಷಯ ನಾನು ಹೇಳದಿದ್ದರೆ ಅವಳ ಭಾವ ಗೌದೆಂಜ್ ಹೇಳುತ್ತಾನೆ, ಅವನು ಹೇಳಿದರೆ ಅದರಲ್ಲಿ ಅವನೇ ಶೂರ. ಆದ್ದರಿಂದ ನಾನು ಹೇಳುವುದೇ ಮೇಲು.

ಅವಳಿಗೆ ಈ ಗುಂಡಿಯ ಹುಚ್ಚು ಹಿಡಿದದ್ದು ಚಿಕ್ಕಂದಿನಲ್ಲಿ, ಒಂದು ಹಂದಿಯಿಂದ. ಅವಳಪ್ಪನ ಹುಲ್ಲಿನ ಕೊಟ್ಟಿಗೆಯ ಮೇಲೆ ಒಂದು ಬೆಳಗ್ಗೆ ಬೆಟ್ಟದಿಂದ ಹಿಮ ಕುಸಿದುಬಂತು. ಕೊಟ್ಟಿಗೆ ಹಲಗೆ ಹಲಗೆಯಾಗಿ ಹೊಳೆಯಾಚೆ ಹೋಯಿತು. ಒಳಗಿದ್ದ ಹಂದಿ ಮಾತ್ರ ಮೈಮೇಲೆ ಒಂದು ಗೀರೂ ಇಲ್ಲದೆ ಗ್ರಾಮಾಧ್ಯಕ್ಷರ ತೋಟದಲ್ಲಿ ನಿಂತಿತ್ತು, ಅವರ ಮೇಲೆಯೇ ಸಿಟ್ಟು ಮಾಡಿಕೊಂಡು. ಊರೆಲ್ಲ ಹಂದಿಯನ್ನು ನೋಡಲು ಓಡಿತು. ಬಾರ್ಲಾ ಬೆಟ್ಟವನ್ನು ನೋಡುತ್ತ ನಿಂತಳಂತೆ. ನಿನ್ನೆಯೂ ಅಷ್ಟೇ ಹಿಮ ಇತ್ತು, ಮೊನ್ನೆಯೂ ಇತ್ತು, ಇವತ್ತೇ ಯಾಕೆ ಬಿತ್ತು? ಅಪ್ಪನನ್ನು ಕೇಳಿದಳು, "ದೇವರ ಇಚ್ಛೆ" ಎಂದ. ಆಗಿನ ಪಾದ್ರಿಯನ್ನು ಕೇಳಿದಳು, "ನಿಮ್ಮಪ್ಪ ಭಾನುವಾರ ಚರ್ಚಿಗೆ ಬರ್ತಿಲ್ಲ" ಎಂದರು. ಹಂದಿಯನ್ನು ಕೇಳುವುದೊಂದು ಬಾಕಿ. ಕೊನೆಗೆ ಸಲಿಕೆ ಹಿಡಿದು ಹಿಮವನ್ನೇ ಕೇಳತೊಡಗಿದಳು.

ದೊಡ್ಡವಳಾದ ಮೇಲೆ ದಾವೋಸ್ ಕಡೆ ಹೋಗಿ ಹಿಮಕುಸಿತದ ಬಗ್ಗೆ ತರಬೇತಿ ಪಡೆದಳು. ಹಿಮ ಅಂದರೆ ಒಂದೇ ರಾಶಿಯಲ್ಲ, ಒಂದರ ಮೇಲೊಂದು ಪದರ, ಪ್ರತಿ ಬಿರುಗಾಳಿಗೂ ಒಂದು ಪದರ, ಪ್ರತಿ ಬಿಸಿಲಿಗೂ ಒಂದು ಹೆಪ್ಪು ಎಂದು ತಿಳಿದುಕೊಂಡು ಬಂದಳು. ಅಲ್ಲಿಂದಾಚೆ ಅವಳ ಅಂಗಡಿಯಲ್ಲಿ ಕುರ್ಚಿ ಏರಿದವರಿಗೆಲ್ಲ ಅಂದಿನ ಹಿಮಕುಸಿತದ ಮುನ್ಸೂಚನೆಯನ್ನು ಓದಿ ಹೇಳುವುದು ಅವಳ ಪದ್ಧತಿ. ಅಪಾಯದ ಮಟ್ಟ ಒಂದು ಎಂದಿದ್ದರೆ ಕತ್ತರಿ ಸರಾಗವಾಗಿ ಓಡುತ್ತದೆ. ಎರಡು ಎಂದಿದ್ದರೆ ಕತ್ತರಿ ಆಗಾಗ ಗಾಳಿಯಲ್ಲಿ ನಿಲ್ಲುತ್ತದೆ. ಮೂರು ಎಂದಿದ್ದರೆ ಅರ್ಧ ತಲೆ ಬಿಟ್ಟು ಕಿಟಕಿಗೆ ಹೋಗಿ ಬೆಟ್ಟ ನೋಡುತ್ತಾಳೆ. ನಮ್ಮೂರಿನಲ್ಲಿ ಚಳಿಗಾಲದಲ್ಲಿ ಯಾರದಾದರೂ ಒಂದು ಕಿವಿಯ ಮೇಲಿನ ಕೂದಲು ಇನ್ನೊಂದಕ್ಕಿಂತ ಗಿಡ್ಡವಾಗಿದ್ದರೆ, ಅಂದು ಮಟ್ಟ ಮೂರು ಇತ್ತು ಎಂದು ತಿಳಿಯಬೇಕು.

ಗುರುವಾರ ಅಂಗಡಿಗೆ ರಜೆ. ಅಂದು ಬಾರ್ಲಾ ನಮ್ಮ ಕಾಲಿಗೆ ಸ್ಕೀ ಹಲಗೆ ಕಟ್ಟಿಸಿ ಬೆಟ್ಟಕ್ಕೆ ಕರೆದೊಯ್ಯುತ್ತಾಳೆ. ತಂತಿಗಾಡಿ, ಎಳೆಯುವ ಯಂತ್ರ ಯಾವುದೂ ಇಲ್ಲದ ಕಡೆ, ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ರೋಮದ ಪಟ್ಟಿ ಅಂಟಿಸಿಕೊಂಡು ನಮ್ಮ ಕಾಲಮೇಲೆ ನಾವೇ ಹತ್ತುವುದು. ಅವಳ ಜೊತೆ ಹೋಗುವವರನ್ನು ಊರಿನಲ್ಲಿ ಅರ್ಧ ಬೆಟ್ಟದ ಸಂಘ ಎಂದು ಕರೆಯುತ್ತಾರೆ. ಅಪಹಾಸ್ಯವೇ, ಆದರೆ ಸುಳ್ಳಲ್ಲ. ಅರ್ಧ ಹತ್ತುತ್ತಿದ್ದಂತೆ ಅವಳು ಗುಂಡಿ ತೋಡುತ್ತಾಳೆ, ಬಾಚಣಿಗೆಯ ಹಿಡಿಯಿಂದ ಪದರಗಳನ್ನು ಚುಚ್ಚಿ ಚುಚ್ಚಿ ನೋಡುತ್ತಾಳೆ, "ಇವತ್ತು ಬೇಡ" ಎನ್ನುತ್ತಾಳೆ, ನಾವು ತಿಂಡಿ ತಿಂದು ಇಳಿಯುತ್ತೇವೆ. ನನಗಂತೂ ತಿಂಡಿಯೇ ಮುಖ್ಯ. ಪಾದ್ರಿ ಕ್ಲೌ ಅವರಿಗೆ ವೈದ್ಯರು ವ್ಯಾಯಾಮ ಹೇಳಿದ್ದಾರೆ, ಅರ್ಧ ಬೆಟ್ಟ ಅಂದರೆ ಅವರಿಗೂ ಸಮಾಧಾನ. ಸದಾ ಚಳಿ ಎನ್ನುವ ಸಣಕಲು ಮನುಷ್ಯ, ಎರಡು ಟೋಪಿ ಹಾಕುತ್ತಾರೆ.

ನಿಜ ಹೇಳಬೇಕೆಂದರೆ ಬಾರ್ಲಕ್ಕನ "ಬೇಡ"ಗಳಲ್ಲಿ ಎಷ್ಟೋ ಜೊಳ್ಳು. ನಾವು ಹಿಂದಿರುಗಿದ ಎಷ್ಟೋ ದಿನ ಬೇರೆಯವರು ಅದೇ ಬೆಟ್ಟದ ತುದಿಗೆ ಹೋಗಿ, ಕುಣಿದು, ಫೋಟೋ ತೆಗೆದುಕೊಂಡು ಬಂದಿದ್ದಾರೆ. ಅವರು ನನ್ನ ಅಂಗಡಿಗೆ ಬಂದು ಚಾಕೊಲೇಟ್ ಕೊಳ್ಳುತ್ತ, "ಎಲ್ಲಿ ತನಕ ಹೋದ್ರಿ ಲಾದೀನಾ? ಬಚ್ಚಲು ಮನೆ ತನಕಾನಾ?" ಎಂದು ಕೇಳುತ್ತಾರೆ. ನಾನು ಅವರಿಗೆ ಹಳೇ ಚಾಕೊಲೇಟ್ ಕೊಟ್ಟು ಕಳಿಸುತ್ತೇನೆ.

ಇಂಥ ಬಾರ್ಲಕ್ಕನ ಪಾಲಿಗೆ ಬಂದ ಗ್ರಹಚಾರ ಎಂದರೆ ಅವಳ ಗಂಡನ ಅಣ್ಣ ಗೌದೆಂಜ್. ಬದುಕಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಪೀಪಾಯಿಯಂಥ ಮೈ, ಪೀಪಾಯಿಯೊಳಗಿಂದ ಬಂದಂಥ ದನಿ. "ಹಿಮದ ಬಗ್ಗೆ ನನಗೆ ಹೇಳ್ಬೇಡ. ನಿನ್ನಂಥವರು ತೋಡೋದನ್ನ ನಾನು ಟನ್ನುಗಟ್ಟಲೆ ತಳ್ಳಿದೀನಿ," ಎನ್ನುತ್ತಿದ್ದ. ಹಿಮದ ಸಂಗತಿ ತನ್ನ ಎಡ ಮೊಣಕಾಲಿಗೆ ಮೊದಲೇ ತಿಳಿಯುತ್ತದೆ ಎಂದು ನಂಬಿದ್ದ. ಅವನಿಗೆ ಇನ್ನೊಂದು ಚಟ, ನಮ್ಮ ಕಡೆಯ ಉದ್ದ ಮರದ ಕೊಂಬು ಊದುವುದು. ಆಳಿಗಿಂತ ಎರಡು ಪಟ್ಟು ಉದ್ದದ ಕೊಂಬು, ತುದಿಯಲ್ಲಿ ಬೋಗುಣಿಯಂತೆ ಬಾಗಿ ಬಾಯಿ ತೆರೆದಿರುತ್ತದೆ. ಬಲ್ಲವರು ಊದಿದರೆ ಕಣಿವೆ ಕಿವಿಗೊಡುತ್ತದೆ. ಗೌದೆಂಜ್ ಊದಿದರೆ ಹಸುಗಳು ತಮ್ಮ ಕರು ಎಲ್ಲಿ ಎಂದು ಹುಡುಕುತ್ತವೆ.

ಅರವತ್ತು ತುಂಬುವ ಹುಟ್ಟುಹಬ್ಬಕ್ಕೆ ಪಿಜ್ ಸಾಲಂಬ್ ಬೆಟ್ಟದ ನೆತ್ತಿಯಿಂದ ಕೊಂಬು ಊದುತ್ತೇನೆ, ಊರೆಲ್ಲ ಚೌಕದಲ್ಲಿ ನಿಂತು ಕೇಳಬೇಕು ಎಂದು ಅವನು ಸಾರಿಬಿಟ್ಟ. ಆ ಹುಟ್ಟುಹಬ್ಬ ಗುರುವಾರ ಬಂದಿತ್ತು. ಲಿನಾರ್ಡ್ ಬಂದು ಹೆಂಡತಿಯ ಕೈಕಾಲು ಹಿಡಿದ. "ಅವನು ಹೇಗೂ ಹೋಗ್ತಾನೆ ಕಣೇ. ಒಬ್ನೇ ಹೋಗೋದಕ್ಕಿಂತ ನಿನ್ನ ಜೊತೆ ಹೋಗ್ಲಿ. ನಾನು ಚೌಕದಲ್ಲಿ ಎಲ್ಲರಿಗೂ ಬಾರ್ಲಿ ಸಾರು ಕಾಯಿಸ್ತೀನಿ."

ಬಾರ್ಲಾ ಒಪ್ಪಿದಳು, ಆದರೆ ಭಾವನನ್ನು ಕ್ಷೌರದ ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಬಿಗಿದ ಮೇಲೆ ಮಾತಾಡಿದಳು. "ನೋಡಿ ಭಾವ, ಮುನ್ಸೂಚನೆ ಮೂರು ಇದೆ. ತುಂಬ ದಿನ ಕೊರೆಯೋ ಚಳಿ ಇತ್ತಲ್ಲ, ಆಗ ತಳದ ಹಿಮ ಸಕ್ಕರೆ ಹರಳಿನ ಥರ ಆಗಿಬಿಟ್ಟಿದೆ. ಒಂದಕ್ಕೊಂದು ಅಂಟಲ್ಲ. ಅದರ ಮೇಲೆ ಮೊನ್ನೆ ಹೊಸ ಹಿಮ ಬಿತ್ತು, ಗಾಳಿ ಅದನ್ನ ಹಲಗೆ ಥರ ಬಡಿದು ಕೂರಿಸಿದೆ. ಸಕ್ಕರೆ ಮೇಲೆ ಹಲಗೆ. ಯಾರಾದ್ರೂ ಹತ್ತಿದ್ರೆ ಹಲಗೆ ಜಾರುತ್ತೆ. ನಾವು ದಿಣ್ಣೆ ಹಿಡಿದು ಬೆಟ್ಟದ ಭುಜದ ತನಕ ಹೋಗೋಣ. ಅದರಾಚೆ ಬೋಗುಣಿ ದಾಟ್ಬೇಕಾ ಬೇಡ್ವಾ ಅಂತ ಅಲ್ಲಿ ನೋಡಿ ನಾನು ಹೇಳ್ತೀನಿ. ಬೇಡ ಅಂದ್ರೆ ಬೇಡ. ಒಪ್ಪಿಗೆನಾ?"

ಕತ್ತರಿ ಕಿವಿಯ ಪಕ್ಕದಲ್ಲಿತ್ತು. "ಒಪ್ಪಿಗೆ," ಎಂದ ಗೌದೆಂಜ್.

ಬೋಗುಣಿ ಎಂದರೆ ನೆತ್ತಿಯ ಕೆಳಗೆ ಉತ್ತರಕ್ಕೆ ಮುಖ ಮಾಡಿರುವ ಕಡಿದಾದ ತಗ್ಗು. ಬಿಸಿಲು ಕಾಣದ ಜಾಗ. ಅದನ್ನು ದಾಟದೆ ನೆತ್ತಿಗೆ ದಾರಿಯಿಲ್ಲ.

ಹೊರಟೆವು. ಬಾರ್ಲಾ ಮುಂದೆ, ಹಿಂದೆ ನಾನು, ನನ್ನ ಹಿಂದೆ ಪಾದ್ರಿಗಳು, ಕೊನೆಯಲ್ಲಿ ಗೌದೆಂಜ್. ಎಲ್ಲರ ಎದೆಗೂ ಹಿಮದಡಿ ಸಿಕ್ಕವರನ್ನು ಹುಡುಕುವ ಪುಟ್ಟ ರೇಡಿಯೋ, ಬೆನ್ನಿಗೆ ಸಲಿಕೆ. ಗೌದೆಂಜನ ಬೆನ್ನಿಗೆ ಅದರ ಜೊತೆ ಬಿಡಿಬಿಡಿಯಾಗಿ ಕಳಚಿ ಕಟ್ಟಿದ ಕೊಂಬು. ಬೋಗುಣಿಯಂಥ ಬಾಯಿ ತಲೆಯ ಮೇಲೆ ಚಾಚಿಕೊಂಡು, ಹಿಂದಿನಿಂದ ನೋಡಿದರೆ ಯಾವುದೋ ದೊಡ್ಡ ಮೀನು ಅವನನ್ನು ನುಂಗುತ್ತಿರುವಂತೆ ಕಾಣುತ್ತಿತ್ತು. ಆ ಬಾಯೊಳಗೆ ಅವನು ಒಂದು ಒಣ ಸಾಸೇಜನ್ನೂ ಬಟ್ಟೆಯಲ್ಲಿ ಸುತ್ತಿದ ಅಕ್ರೋಟಿನ ಕೇಕನ್ನೂ ತುರುಕಿದ್ದ. ಹಿಂದಿನ ದಿನ ಲಿನಾರ್ಡ್ ಸಾರಿನ ರುಚಿ ನೋಡಲು ಕರೆದಿದ್ದನಂತೆ. ಗೌದೆಂಜ್ ಬಾರ್ಲಿ, ಹುರುಳಿಕಾಯಿ, ಎಲೆಕೋಸು ಎಲ್ಲದರ ರುಚಿಯನ್ನೂ ಪಾತ್ರೆ ತಳ ಕಾಣುವ ತನಕ ನೋಡಿದ್ದ.

ಕಾಡು ದಾಟಿ ಬಯಲಿನಂಥ ದಿಣ್ಣೆಗೆ ಬಂದಾಗ ಮೊದಲ ಸದ್ದು ಕೇಳಿಸಿತು.

"ವುಂಫ್."

ಕೇಳದವರಿಗೆ ಹೇಗೆ ಹೇಳುವುದು? ದೊಡ್ಡ ಹಾಸಿಗೆಯ ಮೇಲೆ ಯಾರೋ ದಪ್ಪಗಿನವರು ದೊಪ್ಪನೆ ಕೂತಂತೆ. ಬಾರ್ಲಾ ಕೈ ಎತ್ತಿದಳು. ಎಲ್ಲರೂ ನಿಂತೆವು. ಹಿಮದೊಳಗಿನ ಸಕ್ಕರೆ ಪದರ ಮುರಿದು ಮೇಲಿನ ಹಲಗೆ ಕುಸಿದಾಗ ಬರುವ ಸದ್ದು ಅದು ಎಂದು ನಮಗೆ ಅವಳೇ ಎಷ್ಟೋ ಸಲ ಹೇಳಿದ್ದಳು. ಆ ಸದ್ದು ಕೇಳಿದ ಮೇಲೆ ಕಡಿದಾದ ಜಾಗಕ್ಕೆ ಕಾಲಿಡುವಂತಿಲ್ಲ.

"ಕೇಳಿಸ್ತಾ?" ಎಂದಳು.

ಹಿಂದಿನಿಂದ ಗೌದೆಂಜ್ ಗಂಭೀರವಾಗಿ, "ನಾನು ಕಣಮ್ಮ. ಕ್ಷಮಿಸ್ಬೇಕು. ಎಲೆಕೋಸು," ಎಂದ.

ಪಾದ್ರಿಗಳು ಮುಖ ಆಚೆ ತಿರುಗಿಸಿದರು. ನಾನು ಕೈಗವಸನ್ನು ಬಾಯಿಗೆ ತುರುಕಿಕೊಂಡೆ. ಬಾರ್ಲಾ ಭಾವನನ್ನು ದಿಟ್ಟಿಸಿ ನೋಡಿ ಮುಂದೆ ನಡೆದಳು. ಸ್ವಲ್ಪ ದೂರ ಹೋಗಿರಬೇಕು, ಮತ್ತೆ "ವುಂಫ್." ಈ ಸಲ ನನ್ನ ಕಾಲಡಿ ನೆಲವೇ ಒಂದಿಷ್ಟು ಇಳಿದಂತಾಯಿತು.

"ಅದೂ ನಂದೇ," ಎಂದ ಗೌದೆಂಜ್ ಕೂಡಲೇ.

"ಭಾವ, ಸದ್ದು ಬಂದಿದ್ದು ಮುಂದಿನಿಂದ. ನೀವಿರೋದು ಹಿಂದೆ."

"ಬೆಟ್ಟದಲ್ಲಿ ಪ್ರತಿಧ್ವನಿ ಇರುತ್ತೆ ಬಾರ್ಲಾ. ಊದೋನಿಗೆ ಗೊತ್ತು ಅದೆಲ್ಲ."

ಆಗ ನನಗೆ ಅವನ ಹೂಟ ಹೊಳೆಯಿತು. ಬೇರೆ ಯಾವ ಗಂಡಸಾದರೂ ಅಂಥ ಸದ್ದನ್ನು ತನ್ನದಲ್ಲ ಎನ್ನುತ್ತಾನೆ, ಹತ್ತಿರವಿರುವ ನಾಯಿಯ ಮೇಲೆ ಹಾಕುತ್ತಾನೆ. ಇವನು ಬೆಟ್ಟದ ಸದ್ದನ್ನೆಲ್ಲ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಾನೆ! ಬಾರ್ಲಾ ಹಿಂದಿರುಗಬಾರದು, ಅಷ್ಟೇ ಅವನಿಗೆ ಬೇಕಾದ್ದು. ತಮಾಷೆಯೆಂದರೆ ನಡುನಡುವೆ ಅವನ ಹೊಟ್ಟೆಯೂ ನಿಜವಾಗಿ ಗುಡುಗುತ್ತಿತ್ತು. ಹೀಗಾಗಿ ಯಾವುದು ಬೆಟ್ಟದ್ದು, ಯಾವುದು ಭಾವನದ್ದು ಎಂದು ಬಾರ್ಲಕ್ಕನಂಥ ಬಾರ್ಲಕ್ಕನೇ ತಲೆ ಕೆರೆದುಕೊಂಡಳು.

ಭುಜಕ್ಕೆ ತಲುಪಿದೆವು. ಅದು ಚಪ್ಪಟೆಯಾದ ಅಗಲ ಜಾಗ, ಒಂದು ಬದಿಗೆ ಬೋಗುಣಿಯ ಅಂಚು. ಬಾರ್ಲಾ ಚೀಲ ಇಳಿಸಿ, "ಫಾದರ್, ನಿಮ್ಮಿಂದ ಒಂದು ಉಪಕಾರ ಆಗ್ಬೇಕು," ಎಂದಳು.

"ಏನಮ್ಮಾ?"

"ಭಾವನ್ನ ಆ ಬಂಡೆ ಹತ್ರ ಕರ್ಕೊಂಡು ಹೋಗಿ. ಅವರ ಹೊಟ್ಟೆಗೆ ಕಿವಿ ಇಟ್ಟು ಕೂತ್ಕೊಳ್ಳಿ. ನಾನು ಇಲ್ಲಿ ಹಿಮ ತುಳೀತೀನಿ. ಸದ್ದು ಬಂದಾಗ ಹೊಟ್ಟೆ ಮಾತಾಡ್ತಾ ಇಲ್ವಾ ಹೇಳಿ. ನೀವು ಸುಳ್ಳು ಹೇಳೋ ಹಾಗಿಲ್ವಲ್ಲ, ಅದಕ್ಕೇ ನಿಮಗೆ ಹೇಳ್ತಿರೋದು."

ಪಾದ್ರಿ ಕ್ಲೌ ಮೇಲೆ ನೋಡಿದರು, ಕೆಳಗೆ ನೋಡಿದರು. ನಿಟ್ಟುಸಿರು ಬಿಟ್ಟು ಎರಡು ಟೋಪಿಗಳನ್ನೂ ತೆಗೆದು, ಮಂಡಿಯೂರಿ, ಗೌದೆಂಜನ ಹೊಟ್ಟೆಗೆ ಕಿವಿ ಆನಿಸಿದರು. ಗೌದೆಂಜ್ ಕೊಂಬಿನ ಬಾಯಿಯ ಕೆಳಗೆ ಕೆಂಪಗೆ ನಿಂತಿದ್ದ. ಬಾರ್ಲಾ ಯಾರೂ ತುಳಿಯದ ಹಿಮ ಹುಡುಕಿ, ಎರಡು ಹೆಜ್ಜೆ ಇಟ್ಟು ಜೋರಾಗಿ ತುಳಿದಳು.

"ವುಂಫ್!" ಅವಳ ಸ್ಕೀಯ ತುದಿಯಿಂದ ಕೂದಲೆಳೆಯಂಥ ಬಿರುಕೊಂದು ಹೊರಟು ಹಿಮದ ಮೇಲೆ ಸರ್ರನೆ ಓಡಿತು.

ನಾವೆಲ್ಲ ಪಾದ್ರಿಗಳ ಕಡೆ ನೋಡಿದೆವು. ಅವರು ಕಿವಿ ತೆಗೆಯದೆ, ಪೂಜೆಯ ದನಿಯಲ್ಲಿ, "ಹೊಟ್ಟೆ ಮೌನವಾಗಿದೆ," ಎಂದರು.

ಅಷ್ಟರಲ್ಲಿ ಗೌದೆಂಜನ ಹೊಟ್ಟೆ ಗುಡುಗುಡುಗುಡು ಎಂದಿತು. ಪಾದ್ರಿಗಳು ಬೆಚ್ಚಿ ಹಿಂದಕ್ಕೆ ಬಿದ್ದು, "ಈಗ ಮಾತಾಡ್ತು! ಆದ್ರೆ ಇದು ಬೇರೆ ರಾಗ," ಎಂದರು.

ನಾನು ನಕ್ಕು ನಕ್ಕು ಹಿಮದಲ್ಲೇ ಕೂತುಬಿಟ್ಟೆ. ಬಾರ್ಲಾ ನಗಲಿಲ್ಲ. ಅವಳು ಆಗಲೇ ಸಲಿಕೆ ಬಿಚ್ಚಿ ತೋಡುತ್ತಿದ್ದಳು. ಗುಂಡಿ ಸೊಂಟಮಟ್ಟ ಆದ ಮೇಲೆ ಗೋಡೆಯನ್ನು ನಯವಾಗಿ ಕೆರೆದು, ಬಾಚಣಿಗೆಯ ಹಿಡಿ ಚುಚ್ಚಿದಳು. ಮೇಲೆ ಹಿಡಿ ಕಷ್ಟಪಟ್ಟು ಹೋಯಿತು, ತಳದಲ್ಲಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಅಲ್ಲಿಂದ ಹರಳು ಹರಳಾಗಿ ಸಕ್ಕರೆ ಸುರಿಯಿತು. ಆಮೇಲೆ ಚೀಲದಲ್ಲಿದ್ದ ಗರಗಸದಿಂದ ಸುತ್ತ ಕೊಯ್ದು ಒಂದು ಹಿಮದ ಕಂಬವನ್ನು ಬಿಡಿಸಿ ನಿಲ್ಲಿಸಿದಳು. ಅದರ ನೆತ್ತಿಯ ಮೇಲೆ ಸಲಿಕೆ ಇಟ್ಟು ಮೊದಲು ಮಣಿಕಟ್ಟಿನಿಂದ ಮೆಲ್ಲಗೆ ತಟ್ಟಬೇಕು, ತಡೆದರೆ ಮೊಣಕೈಯಿಂದ, ಅದಕ್ಕೂ ತಡೆದರೆ ಭುಜದಿಂದ. ಗಟ್ಟಿ ಹಿಮವಾದರೆ ಭುಜದ ಪೆಟ್ಟಿಗೂ ಜಗ್ಗುವುದಿಲ್ಲ. ಬಾರ್ಲಾ ಮಗುವಿನ ಬೆನ್ನು ತಟ್ಟಿದಂತೆ ಒಂದೆರಡು ಸಲ ತಟ್ಟಿದಳು. ಕಂಬದ ಮೇಲ್ಭಾಗ ತಟ್ಟೆಯಿಂದ ಕೇಕಿನ ಚೂರು ಜಾರಿದಂತೆ ಜಾರಿ ಅವಳ ಮಡಿಲಿಗೆ ಬಂತು.

"ನೋಡಿದ್ರಾ ಭಾವ? ಇವತ್ತು ಬೇಡ."

ಗೌದೆಂಜನ ಮುಖ ಕಪ್ಪಿಟ್ಟಿತು. "ಒಂದು ಇಟ್ಟಿಗೆ ಬಿತ್ತು ಅಂದ್ರೆ ಬೆಟ್ಟಾನೇ ಬೀಳುತ್ತಾ? ಕೆಳಗೆ ಊರೇ ಕಾಯ್ತಿದೆ! ನನಗೆ ಗೊತ್ತು, ನಾನು ಊದಿದ್ರೆ ಸದ್ದಿಗೆ ಬೆಟ್ಟ ಕುಸಿಯುತ್ತೆ ಅಂತ ನಿನಗೆ ಪುಕಪುಕ."

"ನೀವು ಊದಿದ್ರೆ ಹಿಮ ಬೀಳಲ್ಲ ಭಾವ, ಕೇಳೋರು ಬೀಳ್ತಾರೆ ಅಷ್ಟೆ. ಹಿಮ ಬೀಳೋಕೆ ಸದ್ದು ಸಾಲ್ದು, ಭಾರ ಬೇಕು. ಆ ಭಾರ ನೀವು."

"ನನ್ನ ಮೊಣಕಾಲು ಏನೂ ಆಗಲ್ಲ ಅಂತಿದೆ."

"ನಿಮ್ಮ ಮೊಣಕಾಲು ನಿಮ್ಮ ಮನೆ ಮೆಟ್ಟಿಲೇ ಹತ್ತಲ್ಲ ಅನ್ನುತ್ತೆ. ಅದರ ಮಾತು ಕಟ್ಕೊಂಡು ನಾನೇನ್ ಮಾಡ್ಲಿ? ಊದ್ಬೇಕು ಅಂದ್ರೆ ಇಲ್ಲೇ ಊದಿ. ಇದು ಚಪ್ಪಟೆ ಜಾಗ. ಊರಿಗೂ ಕೇಳುತ್ತೆ."

ನಾನೂ ಪಾದ್ರಿಗಳೂ ಸೇರಿ ಪುಸಲಾಯಿಸಿದ ಮೇಲೆ ಅವನು ಮುನಿಸಿನಲ್ಲೇ ಕೊಂಬನ್ನು ಜೋಡಿಸಿದ. ಕಾಲು ಅಗಲಿಸಿ ನಿಂತ, ಎದೆ ತುಂಬ ಉಸಿರೆಳೆದ, ಊದಿದ. ಏನೂ ಬರಲಿಲ್ಲ. ಇನ್ನೂ ಜೋರಾಗಿ ಊದಿದ. ಕಣ್ಣು ಹೊರಗೆ ಬಂತು, ಸದ್ದು ಬರಲಿಲ್ಲ. "ಚಳಿಗೆ ಹೆಪ್ಪುಗಟ್ಟಿದೆ," ಎಂದು ಮೂರನೆಯ ಸಲ ಊದಿದಾಗ ಅದರ ಬಾಯಿಂದ ಒಣ ಸಾಸೇಜು ಚಿಮ್ಮಿ, ಬೋಗುಣಿಯ ಅಂಚಿನಾಚೆಗೆ ಹಾರಿಹೋಯಿತು. ಅದರ ಹಿಂದೆ ಕೇಕಿನ ಪುಡಿ.

ಪಾದ್ರಿಗಳಿಗೆ ನಗು ತಡೆಯಲಾಗಲಿಲ್ಲ. ಅದುವರೆಗೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೇಕೆ ಕೆಮ್ಮಿದಂತೆ ನಗುತ್ತಾರೆ. ಗೌದೆಂಜನಿಗೆ ರೋಷ ಉಕ್ಕಿತು. ಕೊಂಬನ್ನು ಹಿಮದ ಮೇಲೆ ಬಿಸುಟ. ಮೆರುಗೆಣ್ಣೆ ಹಚ್ಚಿ ಉಜ್ಜಿದ ಮರ. ಬಿದ್ದದ್ದೇ ತಡ ಅದು ಅಂಚಿನ ಕಡೆಯ ಸಣ್ಣ ಇಳಿಜಾರಿನಲ್ಲಿ ಜಾರಿಕೊಂಡು ಹೊರಟಿತು, ನಿಧಾನವಾಗಿ, ಯಾರದೋ ಮನೆಗೆ ಹೊರಟ ನೆಂಟರಂತೆ.

"ನನ್ನ ಕೊಂಬು!" ಎಂದು ಗೌದೆಂಜ್ ಅದರ ಹಿಂದೆ ಓಡಿದ.

"ಭಾವಾ! ನಿಲ್ಲೀ!" ಬಾರ್ಲಾ ಸಲಿಕೆ, ಬಾಚಣಿಗೆ ಎಲ್ಲ ಎಸೆದು ಅವನ ಹಿಂದೆ ಓಡಿ, ಅಂಚಿಗೆ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ ಅವನ ಬೆನ್ನ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದಳು. ಇಬ್ಬರೂ ದೊಪ್ಪನೆ ಬಿದ್ದರು. ಬಾರ್ಲಾ ಅವನ ಹೊಟ್ಟೆಯ ಮೇಲೆ ಕೂತಳು.

"ವುಂಫ್!"

ಇದು ಹಿಂದಿನವುಗಳಂತಲ್ಲ. ಇಡೀ ಭುಜವೇ ಉಸಿರು ಬಿಟ್ಟು ಕೂತಂತಿತ್ತು. ಅವರಿಬ್ಬರ ಪಕ್ಕದಿಂದ ಬಿರುಕು ಹೊರಟು ಅಂಚಿನಾಚೆಗೆ ಓಡಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಬೋಗುಣಿಯ ಮೇಲ್ತುದಿಯಲ್ಲಿ, ಈ ಕಡೆಯಿಂದ ಆ ಕಡೆಯ ತನಕ, ಯಾರೋ ಚಾಕುವಿನಲ್ಲಿ ಎಳೆದಂತೆ ಒಂದು ಗೆರೆ ಮೂಡಿತು. ಗೆರೆಯ ಕೆಳಗಿನದೆಲ್ಲ ಹೊರಟಿತು. ಮೊದಲು ಹಲಗೆಯಾಗಿ, ಆಮೇಲೆ ಚೂರು ಚೂರಾಗಿ, ಆಮೇಲೆ ಹೊಗೆಯಾಗಿ. ಕೊಂಬು ಒಮ್ಮೆ ಮೇಲಕ್ಕೆ ಪುಟಿದು ಬಿಸಿಲಿಗೆ ಮಿಂಚಿ ಆ ಹೊಗೆಯೊಳಗೆ ಹೋಯಿತು. ಸದ್ದು ನಮ್ಮ ಪಕ್ಕೆಲುಬುಗಳಲ್ಲಿ ಕೇಳಿಸಿತು. ನಾವು ನಿಂತ ಜಾಗ ಅಲುಗಲಿಲ್ಲ.

ಬಿಳಿ ಧೂಳು ಮೆಲ್ಲಗೆ ಇಳಿಯಿತು. ಪಾದ್ರಿಗಳು ಕೈ ಜೋಡಿಸಿ ಪ್ರಾರ್ಥನೆ ಶುರು ಮಾಡಿದರು, ಗಾಬರಿಯಲ್ಲಿ ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆ ಹೇಳಿಬಿಟ್ಟರು. ನಾವೂ ಆಮೆನ್ ಎಂದೆವು.

ಬಾರ್ಲಾಳ ಅಡಿಯಿಂದ ಸಣ್ಣ ದನಿ ಬಂತು. "ಈ ಸಲ ನನ್ನ ಹೊಟ್ಟೆ ಅಲ್ಲ ಕಣಮ್ಮ."

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಅವನ ಮೇಲಿಂದ ಏಳಲೂ ಇಲ್ಲ. ಬೋಗುಣಿಯನ್ನೇ ನೋಡುತ್ತಿದ್ದಳು. "ಬಿತ್ತು," ಎಂದಳು. "ಲಾದೀನಾ, ನೋಡಿದ್ಯೇನೇ? ಬಿತ್ತು! ನಾನೇ ಬೀಳಿಸ್ದೆ!" ಕಣ್ಣಲ್ಲಿ ನೀರು, ಮುಖದಲ್ಲಿ ಹೆದರಿಕೆ, ಅದರ ನಡುವೆ ಎಲ್ಲಿಂದಲೋ ಒಂದು ಖುಷಿ. ಇಷ್ಟು ವರ್ಷ ಹಿಮಕುಸಿತಕ್ಕೆ ಹೆದರಿ ಹಿಂದಿರುಗಿದವಳು ಒಂದನ್ನೂ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ನಂತರ ಅವಳು ಭಾವನ ಅಂಗಿಯ ಜಿಪ್ಪನ್ನು ಕತ್ತಿನ ತನಕ ಎಳೆದು, "ನೀವು ಅಲ್ಲಿರ್ತಿದ್ರಿ," ಎಂದಳು. ಗೌದೆಂಜ್ ತಲೆಯಾಡಿಸಿದ. ಕತ್ತರಿ ಕಿವಿಯ ಪಕ್ಕದಲ್ಲಿಲ್ಲದೆಯೇ ಅವಳ ಮಾತು ಒಪ್ಪಿದ. ಅವನ ಬದುಕಿನಲ್ಲಿ ಅದೇ ಮೊದಲಿರಬೇಕು.

ಕೆಳಗೆ ಯಾರೂ ಇರಲಿಲ್ಲ ಎಂಬುದು ಖಾತ್ರಿಯಿತ್ತು, ಬೋಗುಣಿಯಲ್ಲಾಗಲೀ ಅದರ ಬುಡದಲ್ಲಾಗಲೀ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಆದರೂ ಬಾರ್ಲಾ ರಕ್ಷಣೆಯವರಿಗೆ ಫೋನ್ ಮಾಡಿದಳು. ನನಗೆ ಕೇಳಿಸಿದ್ದು ಇವಳ ಕಡೆಯ ಮಾತು ಮಾತ್ರ. "ಇಲ್ಲ, ಮನುಷ್ಯರು ಯಾರೂ ಇಲ್ಲ... ಹೌದು, ಒಂದು ಹೂತುಹೋಗಿದೆ... ಕೊಂಬು... ಇಲ್ಲ ಸ್ವಾಮಿ, ದನದ್ದಲ್ಲ, ಊದೋದು... ಸಾಸೇಜು ಅದಕ್ಕೆ ಮುಂಚೆನೇ ಹೋಗಿತ್ತು... ಕುಡಿದಿಲ್ಲ ಸ್ವಾಮಿ, ನಮ್ಮ ಜೊತೆ ಪಾದ್ರಿಗಳೇ ಇದ್ದಾರೆ."

ಆಮೇಲೆ ಗಂಡನಿಗೆ. ಚೌಕದಲ್ಲಿ ಕೊಂಬಿನ ದನಿಗಾಗಿ ಕಾದವರಿಗೆ ಬೆಟ್ಟದ ಹೊಗೆ ಕಂಡಿತ್ತು. ಲಿನಾರ್ಡ್ ಸೌಟನ್ನು ಸಾರಿನೊಳಗೇ ಬಿಟ್ಟು ಸ್ಕೀ ಹುಡುಕುತ್ತಿದ್ದನಂತೆ. ಫೋನಿನಲ್ಲಿ ಅವನು ಅಳುತ್ತಿದ್ದದ್ದು ನಮಗೂ ಕೇಳಿಸಿತು. "ಸರಿಯಾಗಿದೀನಿ ಕಣೋ, ನಿಮ್ಮಣ್ಣನ ಮೇಲೆ ಕೂತಿದೀನಿ," ಎಂದಳು ಬಾರ್ಲಾ. ಅದು ನಿಜವೇ, ಇನ್ನೂ ಎದ್ದಿರಲಿಲ್ಲ.

ಹತ್ತಿದ ದಿಣ್ಣೆಯನ್ನೇ ಹಿಡಿದು, ಒಬ್ಬರಿಂದೊಬ್ಬರು ದೂರ ದೂರ ಇಳಿದೆವು. ಚೌಕದಲ್ಲಿ ಜನ ಓಡಿಬಂದು ಗೌದೆಂಜನನ್ನು ತಬ್ಬಿಕೊಂಡರು. ಕೊಂಬಿಲ್ಲವಲ್ಲ ಎಂದು ಅವನು ತನ್ನ ರಾಗವನ್ನು ಬಾಯಿಂದಲೇ ಹಾಡಿದ. ಅದು ಕೊಂಬಿಗಿಂತ ಚೆನ್ನಾಗಿತ್ತು ಎಂದು ಎಲ್ಲರೂ ಒಪ್ಪಿದರು.

ಇನ್ನು ಮೇಲೆ ಊರು ಬಾರ್ಲಕ್ಕನ ಮಾತಿಗೆ ತಲೆಬಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿ ಬಂತು? ಮಾರನೆಯ ದಿನವೇ ಬ್ರೆಡ್ಡು ಕೊಳ್ಳಲು ಬಂದವರ ಬಾಯಲ್ಲಿ ಒಂದೇ ಮಾತು: "ಬಾರ್ಲಾ ಕೂತ್ಲು, ಬೆಟ್ಟ ಬಿತ್ತು." ಯಾರ ಮನೆಗೆ ಹೋದರೂ, "ಬಾ ಬಾರ್ಲಾ, ಮೆಲ್ಲಗೆ ಕೂತ್ಕೊ ತಾಯಿ, ಹಳೇ ಮನೆ ಇದು," ಎನ್ನುತ್ತಿದ್ದರು. ಅವಳು ದುರುಗುಟ್ಟಿ ನೋಡಿ, ಬೇಕೆಂದೇ ದೊಪ್ಪನೆ ಕೂರುತ್ತಿದ್ದಳು.

ಬದಲಾದವನು ಗೌದೆಂಜ್. ಅವನಿಗೆ ಎಲ್ಲೆಲ್ಲೂ ಕುಸಿತವೇ ಕಾಣತೊಡಗಿತು. ಸ್ವಂತಕ್ಕೆ ಒಂದು ಗರಗಸ ಕೊಂಡ. ಚರ್ಚಿನ ಸೂರಿನಿಂದ ಹಿಮ ಬೀಳುತ್ತದೆ ಎಂದು ಭಾನುವಾರ ಹೊರಗೇ ನಿಂತು ಪ್ರಾರ್ಥನೆ ಕೇಳುತ್ತಿದ್ದ. ನನ್ನ ಅಂಗಡಿಗೆ ಬಂದವನು ಹಿಟ್ಟಿನ ಮೂಟೆಗಳನ್ನು ಓರೆಗಣ್ಣಿನಿಂದ ನೋಡಿ, "ಇದು ಯಾರು ಜೋಡಿಸಿದ್ದು? ತಳ ಸಡಿಲ ಇದೆ," ಎಂದ. ಗುರುವಾರದ ನಡಿಗೆಗೆ ತಪ್ಪದೆ ಬರುತ್ತಿದ್ದ, ಬಂದವನು ಕಾಡು ದಾಟುವ ಮುಂಚೆಯೇ "ಬೇಡ" ಎನ್ನುತ್ತಿದ್ದ. ಬಾರ್ಲಾ ಊರಿಗೆ ಕುಡಿಸಿದ ಔಷಧಿಯನ್ನೇ ಈಗ ಅವಳಿಗೆ ಕುಡಿಸುತ್ತಿದ್ದ.

ಏಪ್ರಿಲ್ ಬಂತು. ಹಗಲು ಕರಗಿ ಇರುಳು ಹೆಪ್ಪುಗಟ್ಟಿ ಹಿಮವೆಲ್ಲ ಕಲ್ಲಿನಂತೆ ಒಂದಾಯಿತು. ಮಟ್ಟ ಒಂದು. ಬೆಳಗಿನ ಹೆಪ್ಪು ಸಡಿಲವಾಗುವ ಮುಂಚೆ ಹೋಗಿ ಬರಬೇಕು ಎಂದು ಬಾರ್ಲಾ ನಸುಕಿನಲ್ಲೇ ಹೊರಡಿಸಿದಳು. ಭುಜದಲ್ಲಿ ಗುಂಡಿ ತೋಡಿದಳು, ಕಂಬ ಕೊಯ್ದಳು, ಭುಜದಿಂದ ಬೀಸಿ ಹೊಡೆದಳು. ಕಂಬ ಜಗ್ಗಲಿಲ್ಲ. ಸಲಿಕೆಯ ಹಿಡಿ ಬಾಗಿತು. ಅವಳು ತಬ್ಬಿಬ್ಬಾಗಿ ನಮ್ಮನ್ನು ನೋಡಿದಳು. "ಹೋಗ್ಬಹುದು ಅನ್ಸುತ್ತೆ," ಎಂದಳು, ಯಾರಾದರೂ ಬೇಡ ಎನ್ನಲಿ ಎಂಬಂತೆ.

ಗೌದೆಂಜ್ ಎಂದ: "ನನ್ನ ಮೊಣಕಾಲಿಗೆ ಮನಸ್ಸಿಲ್ಲ. ನಾನು ಈ ಬಂಡೆ ಹತ್ರ ಕೂತಿರ್ತೀನಿ. ನೀವು ತುದೀಲಿ ಕೂಗಾಡ್ಬೇಡಿ ಮತ್ತೆ."

"ಸದ್ದಿಗೆ ಹಿಮ ಬೀಳಲ್ಲ ಅಂತ ಹೇಳಿಲ್ವಾ ಭಾವ?"

"ನೀನು ಹೇಳಿದೀಯಾ. ಹಿಮ ಹೇಳಿಲ್ವಲ್ಲ."

ಬಾರ್ಲಾ, ಪಾದ್ರಿಗಳು, ನಾನು, ಒಬ್ಬೊಬ್ಬರಾಗಿ ಬೋಗುಣಿ ದಾಟಿ ನೆತ್ತಿಗೆ ಹೋದೆವು. ಪಾದ್ರಿಗಳು ನೆತ್ತಿಯಲ್ಲಿ ನೆಟ್ಟಿದ್ದ ಶಿಲುಬೆಯ ಕಂಬಕ್ಕೆ ಒರಗಿ ಏದುಸಿರು ಬಿಟ್ಟರು. ನಾನು ಒಣಮಾಂಸ, ಬ್ರೆಡ್ಡು ಬಿಚ್ಚಿದೆ. ನಮ್ಮೂರು ಕೆಳಗೆ ಬೆಂಕಿಪೆಟ್ಟಿಗೆಯಷ್ಟಿತ್ತು. ಬಾರ್ಲಾ ಸುತ್ತಲೂ ಒಮ್ಮೆ ತಿರುಗಿದಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೆಟ್ಟದ ತುದಿಗೆ ಹೋಗಿ ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ.

"ಆಯ್ತಾ? ಇಷ್ಟೇನಾ?" ಎಂದಳು.

"ಇಷ್ಟೇ ಕಣಕ್ಕ. ಕೂತ್ಕೋ, ತಿನ್ನು."

ಕೂತಳು. ಬ್ರೆಡ್ಡು ಕೈಯಲ್ಲಿ ಹಿಡಿದಂತೆಯೇ ಬಂಡೆಗೆ ಒರಗಿ ನಿದ್ದೆಹೋದಳು. ಅವಳ ಗೊರಕೆ ಕೇಳಿ ಪಾದ್ರಿಗಳು ಒಂದು ಸಲ ಕಾಲಡಿ ನೋಡಿಕೊಂಡರು. ಎಬ್ಬಿಸಲು ನಮಗೆ ಮನಸ್ಸಾಗಲಿಲ್ಲ, ಹಿಮ ಮೆತ್ತಗಾಗುವ ಮುಂಚೆ ಎಬ್ಬಿಸಲೇಬೇಕಾಯಿತು. ಅಷ್ಟರಲ್ಲಿ ಬಿಸಿಲು ಅವಳ ಮುಖದ ಒಂದು ಪಕ್ಕವನ್ನು ಬೀಟ್‌ರೂಟಿನಂತೆ ಬೇಯಿಸಿತ್ತು. ಲಿನಾರ್ಡ್ ಅದಕ್ಕೆ ಮೊಸರು ಹಚ್ಚಿ ಹಚ್ಚಿ ಸಾಕಾದ. ಆ ವಾರವೆಲ್ಲ ಅವಳು ಅರ್ಧ ಕೆಂಪು ಅರ್ಧ ಬಿಳಿ ಮುಖ ಹೊತ್ತು ಕತ್ತರಿ ಆಡಿಸಿದಳು. ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ಅವಳನ್ನು ನೋಡಿ ನಗು ನುಂಗಿಕೊಂಡು ಅಲುಗಾಡುತ್ತಿದ್ದರಂತೆ. "ಅಲ್ಲಾಡ್ಬೇಡಿ, ಕಿವಿ ಹೋಗುತ್ತೆ," ಎಂದು ಅವಳು ಗದರುತ್ತಿದ್ದದ್ದು ಗೋಡೆಯಾಚೆ ನನ್ನ ಅಂಗಡಿಗೂ ಕೇಳುತ್ತಿತ್ತು.